ಗುಂಡಿಯಕ್ಕನ ಕುರ್ಚಿ

ಇಷ್ಟಕ್ಕೆಲ್ಲ ಮೂಲ ಒಂದು ಸ್ಟೂಲು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಗಳನ್ನು ಬಣ್ಣ, ಅಳತೆ ನೋಡಿ ವಿಂಗಡಿಸುವ ಗುಂಡಿಯಕ್ಕ ವರ್ಷಗಟ್ಟಲೆ ಕೂತ ಆ ಸ್ಟೂಲಿಗೆ ಬೆನ್ನಿರಲಿಲ್ಲ. ಎದುರಿಗೆ ಗಾಜಿನ ಕೋಣೆ. ಒಳಗೆ ಕಂಪ್ಯೂಟರು, ಅದರ ಮುಂದೆ ಒರಗುವ ಕುರ್ಚಿ. ಅದರಲ್ಲಿ ಕೂರುತ್ತಿದ್ದವನು ಬೇರೆ ಕೆಲಸ ಸಿಕ್ಕಿ ಹೋದ ಮೇಲೆ ಕುರ್ಚಿ ಫ್ಯಾನಿನ ಗಾಳಿಗೆ ತಾನೇ ಮೆಲ್ಲಗೆ ಅತ್ತಿತ್ತ ತಿರುಗುತ್ತಿತ್ತು, ಹಸಿದವರ ಮುಂದೆ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ ಹಾಗೆ.

ಆ ಕುರ್ಚಿಗಾಗಿಯೇ ಅವಳು ಸಂಜೆ ಕಾಲೇಜು ಸೇರಿದ್ದು, ಕಂಪ್ಯೂಟರ್ ವ್ಯವಸ್ಥೆಯ ನಿರ್ವಹಣೆ ಕಲಿಯಲು. ಮನೆಗೆ ಓಡಿ, ಅಡುಗೆ ಇಳಿಸಿ, ತರಗತಿ ಮುಟ್ಟುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಉಳಿದರ್ಧವನ್ನು ಹಿಂದಿನ ಬೆಂಚಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೇಳುವುದೇ ಅವಳ ದಿನದ ಸುಖ. "ಪಾಸಾಗಿ ಬಾ, ಕುರ್ಚಿ ನಿಂದೇ" ಎಂದಿದ್ದರು ಯಜಮಾನರು.

ಈ ವರ್ಷದ ಕೊನೆಯ ಪರೀಕ್ಷೆ ಇವತ್ತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಯಾರು ಏನು ತೆರೆಯಬಹುದು ಎಂದು ಗೊತ್ತುಮಾಡಿ, ಸಂಜೆ ಕಾಲೇಜಿನ ಮೇಡಂ ಬಂದಾಗ ತೆರೆದು ತೋರಿಸಬೇಕು. ಯಜಮಾನರು ಕೊಂಡದ್ದು ಅದರೊಳಗೆ ಎಂಟೇ ಜನರ ಜಾಗ, ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್. ಅದರಲ್ಲಿ ಒಂದು ಉಸ್ತುವಾರಿಯದು. ಉಳಿದವರಿಗೆ ಬಾಗಿಲು ತೆರೆಯುವ, ಮುಚ್ಚುವ ಅಧಿಕಾರ ಅದಕ್ಕೊಂದಕ್ಕೇ. ಅದು ಅವಳ ಜಾಗ.

ಬೆಳಿಗ್ಗೆ ಸ್ಟೂಲು ಹತ್ತಿ ನಿಂತು ಎಲ್ಲರಿಗೂ ಪಾಠ ಹೇಳಿದಳು. "ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಕಟ್ಟಿಕೊಂಡವರಿಗೂ ಹೇಳಬಾರದು. ನಾನೇ ಬಂದು ಕಾಲು ಹಿಡಿದ್ರೂ ಹೇಳಬಾರದು."

"ಹೆಂಡತಿ ಕೇಳಿದ್ರೆ?" ಎಂದ ಇಸ್ತ್ರಿಯಣ್ಣ.

"ಹೇಳಬೇಡ."

"ಹಾಗಾದ್ರೆ ನನಗೆ ಇಲ್ಲೇ ಒಂದು ಚಾಪೆ ಹಾಕ್ಸಿಬಿಡಿ."

ನಗು ಮುಗಿಯುವ ಮೊದಲೇ ತಾಪತ್ರಯ ಶುರುವಾಯಿತು. ಯಜಮಾನರಿಗೆ, ಅವರ ಅಳಿಯನಿಗೆ, ಲೆಕ್ಕದವರಿಗೆ, ಕತ್ತರಿ ಮೇಸ್ತ್ರಿಗೆ ಅವಳು ಜಾಗ ಕೊಟ್ಟಿದ್ದಳು.

"ಮೇಸ್ತ್ರಿಗಿದೆ, ನನಗಿಲ್ಲ. ಅವನು ಕೆಡಿಸಿದ್ದನ್ನ ನೆಟ್ಟಗೆ ಮಾಡೋನು ಯಾರು?" ಇಸ್ತ್ರಿಯಣ್ಣ ಗಾಜಿಗೆ ಮೂಗು ಒತ್ತಿ ಕೇಳಿದ.

"ಅಣ್ಣ, ನಿನಗೆ ಕಂಪ್ಯೂಟರಲ್ಲಿ ಏನು ಕೆಲಸ?"

"ಕೆಲಸ ಇದ್ದೋರಿಗೇ ಜಾಗ ಅಂದ್ರೆ ಅಳಿಯನಿಗೆ ಯಾಕೆ ಕೊಟ್ಟೆ?"

ಇದಕ್ಕೆ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ. ಕೊಟ್ಟಳು. ಅವನು ಪಾಸ್‌ವರ್ಡನ್ನು ಸೀಮೆಸುಣ್ಣದಿಂದ ಇಸ್ತ್ರಿ ಮೇಜಿನ ಮೇಲೇ ಬರೆದುಕೊಂಡ. ಬೆನ್ನಿಗೇ ಕಾವಲುಗಾರ ಬಂದ: "ಗೇಟು ಕಾಯೋನನ್ನೇ ಒಳಗೆ ಬಿಡಲ್ವಾ ತಾಯಿ?" ಅವನಿಗೂ ಆಯಿತು. ಅವನ ಪಾಸ್‌ವರ್ಡು ಊಟದ ಹೊತ್ತಿಗೆ ಬೀದಿಯ ಆ ತುದಿ ಮುಟ್ಟಿತ್ತು. ಹೊಲಿಗೆಯ ಹೆಂಗಸರೆಲ್ಲ ಸೇರಿ ಮಿಷನ್ನು ನಿಲ್ಲಿಸುತ್ತೇವೆಂದಾಗ ಅವರಿಗೂ ಒಂದು ಜಾಗ. ಅಲ್ಲಿಗೆ ಏಳೂ ತುಂಬಿದವು.

ಬಾಯಿಬಿಟ್ಟು ಕೇಳದವಳು ಚಹಾದಜ್ಜಿ ಒಬ್ಬಳೇ. ಎಲ್ಲರಿಗೂ ಚಹಾ ಕೊಟ್ಟು, ಖಾಲಿ ಲೋಟಗಳನ್ನು ಹಿಡಿದು ಗಾಜಿನ ಆಚೆ ನಿಂತಿದ್ದಳು.

"ಏನಜ್ಜಿ?"

"ಏನಿಲ್ಲ ಮಗಳೇ. ಎಲ್ಲರೂ ಅದರೊಳಗೆ ಇದ್ದಾರಂತಲ್ಲ, ನೋಡ್ಕೊಂಡು ಹೋಗೋಣ ಅಂತ."

ಗಾಜಿನಾಚೆ ನಿಂತು ನೋಡುವ ಆ ಕಣ್ಣು ಗುಂಡಿಯಕ್ಕನಿಗೆ ಚೆನ್ನಾಗಿ ಗೊತ್ತು. ಅದು ಅವಳದೇ ಕಣ್ಣು. ಯಾರದಾದರೂ ಜಾಗ ಕಿತ್ತರೆ ರಣರಂಗ. ಉಳಿದದ್ದು ತನ್ನದೊಂದೇ. "ಒಂದು ಗಳಿಗೆ ಇಟ್ಕೊಳ್ಳಿ ಅಜ್ಜಿ, ಆಮೇಲೆ ವಾಪಸ್ ಕೊಡಿ" ಎಂದು ಅದನ್ನೇ ಬಿಟ್ಟುಕೊಟ್ಟಳು. ಅಜ್ಜಿ ಸೆರಗು ಮರೆಮಾಡಿ, ಒಂದು ಬೆರಳಿನಲ್ಲಿ, ಹೇಳಿದಂತೆ ತನ್ನದೇ ಹೊಸ ಪಾಸ್‌ವರ್ಡನ್ನು ಎರಡು ಸಲ ಒತ್ತಿದಳು. ಅಷ್ಟರಲ್ಲಿ ಹಾಲು ಸೀದ ವಾಸನೆ. ಓಡಿದಳು.

ಆಮೇಲೆ ಗುಂಡಿಯಕ್ಕ ಒಳಹೋಗಲು ನೋಡಿದರೆ ಕಂಪ್ಯೂಟರು ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿತು. ಆಗ ಹೊಳೆಯಿತು. ಜಾಗ ಕೊಡುವ ಅಧಿಕಾರ ಈಗ ಅಜ್ಜಿಯದು. ಚಹಾದ ಮೂಲೆಗೆ ಓಡಿದಳು.

"ಅಜ್ಜಿ, ಪಾಸ್‌ವರ್ಡ್ ಹೇಳಿ."

ಅಜ್ಜಿ ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನೀನೇ ಬಂದ್ರೂ ಹೇಳಬಾರದು ಅಂದಿಲ್ವಾ?"

"ಅಂದಿದ್ದೆ. ಈಗ ನಾನೇ ಹೇಳ್ತಿದ್ದೀನಲ್ಲ."

"ಕಾಲು ಹಿಡಿದ್ರೂ ಅಂದಿದ್ದೆ."

ಗುಂಡಿಯಕ್ಕ ನಿಜವಾಗಿಯೂ ಕಾಲು ಹಿಡಿದಳು. ಅಜ್ಜಿ ಕಾಲು ಎಳೆದುಕೊಂಡಳು.

ಮೇಡಂ ಬಂದರು. ಯಜಮಾನರೂ ಬಂದು ಗದರಿದರು, "ಹೇಳಜ್ಜಿ, ನಾನು ಕೇಳ್ತಿದ್ದೀನಿ." ಅಜ್ಜಿ ತುಟಿ ಹೊಲಿದವಳ ಹಾಗೆ ನಿಂತಳು. ಮೇಡಂ ಇಸ್ತ್ರಿ ಮೇಜಿನ ಸೀಮೆಸುಣ್ಣದ ಬರಹ ನೋಡಿದರು. ಕಾವಲುಗಾರನನ್ನು ಕೇಳಿದರು, ಅವನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ. ಕೊನೆಗೆ ಅಜ್ಜಿಯ ಕಡೆ ತಿರುಗಿದರು.

"ಇಡೀ ಕಾರ್ಖಾನೆಯಲ್ಲಿ ಪಾಠ ಅರ್ಥವಾಗಿರೋದು ಇವರೊಬ್ಬರಿಗೆ."

"ಅದನ್ನ ಕಲಿಸಿದ್ದು ನಾನು ಮೇಡಂ" ಎಂದಳು ಗುಂಡಿಯಕ್ಕ, ಮೆಲ್ಲಗೆ.

"ಕಲಿಸಿ, ನಿಮ್ಮ ಬೀಗದಕೈಯನ್ನೇ ದಾನ ಮಾಡಿದ್ರಿ. ಮುಂದಿನ ವರ್ಷ ಮತ್ತೆ ಬನ್ನಿ."

ಯಜಮಾನರು ಅಜ್ಜಿಯನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದರು. "ನನಗೇ ಬಗ್ಗದವಳು ಇನ್ಯಾರಿಗೆ ಬಗ್ಗುತ್ತಾಳೆ? ನಾಳೆಯಿಂದ ಆ ಕುರ್ಚಿ ಅಜ್ಜಿಗೆ. ಗುಂಡಿಯಕ್ಕ, ಚಹಾ ಸ್ವಲ್ಪ ನೀನು ನೋಡ್ಕೋ."

ಎಲ್ಲರೂ ಹೋದ ಮೇಲೆ ಅಜ್ಜಿ ಗಾಜಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಸಿಟ್ಟಾ ಮಗಳೇ?"

"ಇಲ್ಲ. ಈಗಲಾದ್ರೂ ಹೇಳಿ ಅಜ್ಜಿ, ಅದೇನು ಪಾಸ್‌ವರ್ಡು?"

ಅಜ್ಜಿ ಅತ್ತಿತ್ತ ನೋಡಿದಳು. "ನೆನಪಿದ್ರೆ ತಾನೇ ಹೇಳೋದು? ಒತ್ತಿದೆ, ಹಾಲು ಇಳಿಸೋಕೆ ಓಡಿದೆ. ಹಾಲು ಇಳೀತು, ಅದೂ ತಲೆಯಿಂದ ಇಳೀತು. ಅಷ್ಟು ಜನರ ಮುಂದೆ ಮರೆತೆ ಅನ್ನೋಕೆ ನಾಚಿಕೆ ಆಯ್ತು. ಮರೆತ್ರೆ ಏನು ಮಾಡಬೇಕು ಅಂತ ನಿನ್ನ ಕಾಲೇಜಲ್ಲಿ ಹೇಳಿಕೊಟ್ಟಿಲ್ವಾ?"

"ಅದು ಮುಂದಿನ ವರ್ಷದ ಪಾಠ."

ಬಾಯಿ ಬಿಟ್ಟರೆ ಅಜ್ಜಿಯ ಮಾನ ಹೋಗುತ್ತದೆ. ಬಿಟ್ಟ ಮಾತ್ರಕ್ಕೆ ಇವಳಿಗೆ ಕುರ್ಚಿ ಬರುವುದಿಲ್ಲ. ಖಾಲಿ ಕುರ್ಚಿ ಫ್ಯಾನಿನ ಗಾಳಿಗೆ ಇವರ ಕಡೆಗೇ ತಿರುಗಿ ನಿಂತಿತು.

"ಕೂತ್ಕೋ" ಎಂದಳು ಅಜ್ಜಿ. "ಯಾರೂ ಇಲ್ಲ."

ಗುಂಡಿಯಕ್ಕ ಕೂತಳು. ಮೆತ್ತಗೆ ಒರಗಿದಳು. ಹಿಂದಿನಿಂದ ಯಾರೋ ಬೆನ್ನಿಗೆ ಕೈ ಕೊಟ್ಟಂತಾಯಿತು. ಹೆಗಲು ಇಳಿಯಿತು, ಕಣ್ಣು ತಾನಾಗಿಯೇ ಮುಚ್ಚಿತು. ಹಿಂದಿನ ಬೆಂಚಿನ ಗೋಡೆಗಿಂತ ಎಷ್ಟೋ ಹಿತ.

ಗೇಟಿನ ಕಡೆ ಹೆಜ್ಜೆಯ ಸಪ್ಪಳ ಕೇಳಿತು. ಅಜ್ಜಿ ಅವಳ ಭುಜ ಅಲ್ಲಾಡಿಸಿದಳು.

"ಏಳು ಮಗಳೇ, ಏಳು. ಯಜಮಾನರು ನೋಡಿದ್ರೆ ನನ್ನ ಕೆಲಸ ಹೋಗುತ್ತೆ."