ಒಟಿಲಿಯಾಳ ಕೋಳಿಗಳಿಗೆ ಬೆಲಿಸಾರಿಯೊ ನೀರಿಟ್ಟದ್ದು

"ನಾನು ಮನೇಲಿರುವಾಗ ನೀರಿಗೆ ಹೆಪ್ಪುಗಟ್ಟೋ ಧೈರ್ಯ ಬರುತ್ತಾ? ನೀನು ನಿಶ್ಚಿಂತೆಯಿಂದ ಮಗಳ ಮನೆಗೆ ಹೋಗಿ ಬಾ, ಮುದುಕಿ," ಎಂದು ಬೆಲಿಸಾರಿಯೊ ಎದೆ ತಟ್ಟಿಕೊಂಡ. ಹೆಂಡತಿ ಒಟಿಲಿಯಾ ಶಾಲು ಹೊದ್ದು ಬಸ್ಸು ಹತ್ತಿದಳು.

ಚಿಲಿಯ ತೆಂಕಣ ತುದಿಯ ಆ ಹಳ್ಳಿಯಲ್ಲಿ ನಡುಚಳಿಗಾಲದ ಜುಲೈ ಬಂತೆಂದರೆ ಸ್ವಂತ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಂಥ ಚಳಿ. ಕೋಳಿಗಳಿಗಿಟ್ಟ ನೀರು ನೋಡನೋಡುತ್ತ ಕಲ್ಲಾಗುತ್ತದೆ. ಅದಕ್ಕೇ ಒಟಿಲಿಯಾ ಮದುವೆಯಾದಾಗಿನಿಂದ ಚಳಿಗಾಲದ ಹಗಲೆಲ್ಲ ಗಂಟೆಗೊಮ್ಮೆ ಬಿಸಿನೀರಿನ ಕೆಟಲ್ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದಳು. ಹೋದ ವರ್ಷ ಜಾರಿ ಬಿದ್ದು ಮಂಡಿ ಊದಿಸಿಕೊಂಡಳು. ಅವಳು ಕುಂಟುವುದನ್ನು ನೋಡಿ ಬೆಲಿಸಾರಿಯೊನ ಕರುಳು ಚುರ್ ಎಂದಿತ್ತು. ಆದರೆ ಅದೊಂದನ್ನು ಮಾತ್ರ ಬಾಯಿಬಿಟ್ಟು ಹೇಳಲು ಅವನಿಗೆ ಬರುತ್ತಿರಲಿಲ್ಲ. ಮಿಕ್ಕಿದ್ದೆಲ್ಲ ಬರುತ್ತಿತ್ತು, ಬೇಡವೆಂದರೂ ಬರುತ್ತಿತ್ತು. ಒಲೆಯ ಸುತ್ತ ಕೂತು ಒಂದೇ ಸೋರೆ ಬುರುಡೆಯಲ್ಲಿ ಸರದಿಯಂತೆ ಮಾಟೆ ಕಷಾಯ ಹೀರುವಾಗ, ಬುರುಡೆ ಇವನ ಕೈಗೆ ಬಂದರೆ ಮುಗಿಯಿತು, ಭಾಷಣ ಶುರು. ಅದು ಮೈಕ್ ಅಲ್ಲ, ಕುಡಿದು ಈಚೆ ಕೊಡು ಎಂದು ಊರೆಲ್ಲ ರೇಗಿಸುತ್ತಿತ್ತು.

ಈ ಸಲ ಅವಳು ವಾಪಸು ಬರುವುದರೊಳಗೆ ಹೆಪ್ಪುಗಟ್ಟದ ನೀರನ್ನು ಕಣ್ಣೆದುರು ತೋರಿಸಿಯೇ ಸಿದ್ಧ ಎಂದು ಅವನು ಹಟ ತೊಟ್ಟ. ಹಸಿ ಲದ್ದಿಯಲ್ಲಿ ಕಾವಿರುತ್ತದಲ್ಲ! ಪಕ್ಕದ ಮನೆಯ ನಿಕಾನೊರನ ಲಾಯದಿಂದ ಕುದುರೆ ಲದ್ದಿ ಹೊತ್ತು ತಂದು ಹಿತ್ತಿಲಿನ ಆಳೆತ್ತರದ ಕೋಳಿಗೂಡಿನಲ್ಲಿ ಗುಡ್ಡೆ ಹಾಕಿ, ನಡುವೆ ನೀರಿನ ಬೋಗುಣಿಯನ್ನು ಮಹಾರಾಜರನ್ನು ಕೂರಿಸುವಂತೆ ಕೂರಿಸಿದ. ನೀರು ಹೆಪ್ಪುಗಟ್ಟಲಿಲ್ಲ, ನಿಜ. ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ಲದ್ದಿಯಲ್ಲಿ ಉಳಿದ ಓಟ್ಸ್ ಕಾಳು ಕಂಡದ್ದೇ ತಡ, ಕೋಳಿಗಳು ಇಡೀ ಸಿಂಹಾಸನವನ್ನು ಕೆದರಿ ಹಾಕಿದವು. ಬೋಗುಣಿ ಮಗುಚಿತು. ಕೋಳಿಗಳ ಕಾಲು, ಹೊಟ್ಟೆ ಎಲ್ಲ ತೊಪ್ಪೆ.

ಆ ಚಳಿಯಲ್ಲಿ ಒದ್ದೆ ಕೋಳಿ ಎಂದರೆ ಸತ್ತ ಕೋಳಿ. ಬೆಲಿಸಾರಿಯೊ ಒಂದೊಂದನ್ನೇ ಕಂಕುಳಲ್ಲಿ ಅವಚಿಕೊಂಡು ಅಡುಗೆಮನೆಗೆ ತಂದು ಒಲೆಯ ಮುಂದೆ ಬಿಟ್ಟ. ಮೈ ಕಾದಂತೆ ಅವುಗಳಿಗೆ ಜೀವ ಬಂತು, ಜೀವದ ಹಿಂದೆಯೇ ಕೊಬ್ಬೂ ಬಂತು. ಹುಂಜ ರೇಡಿಯೊ ಏರಿತು. ಒಂದು ಹೇಂಟೆ ನಾದಿಟ್ಟ ಹಿಟ್ಟಿನ ಮೇಲೆ ಕಾವಿಗೆ ಕೂತಿತು. ಅಷ್ಟರಲ್ಲಿ ಮಾಟೆ ಕುಡಿಯಲೆಂದು ಬಂದ ನಿಕಾನೊರ್ ಬಾಗಿಲಲ್ಲೇ ನಿಂತ.

"ನೆಂಟರು ಬಂದಿದ್ದಾರೆ ಅಂತ ಗೊತ್ತಿರಲಿಲ್ಲ, ದೋನ್ ಬೆಲಿಸಾರಿಯೊ. ಆಮೇಲೆ ಬರ್ತೀನಿ," ಎಂದು ಟೋಪಿ ಎತ್ತಿ ಹೊರಟೇಬಿಟ್ಟ.

ಸೋಲೊಪ್ಪುವ ಜಾತಿಯವನಲ್ಲ ನಮ್ಮವನು. ಡಬ್ಬಿಯೊಳಗೆ ಬಲ್ಬು ಉರಿಸಿ, ಮೇಲೆ ಬೋಗುಣಿ ಇಟ್ಟರೆ? ಡಬ್ಬಿಯೇನೋ ಸಿಕ್ಕಿತು, ಒಟಿಲಿಯಾಳ ಹೊಲಿಗೆ ಸಾಮಾನಿನದು. ಅದನ್ನು ಮೇಜಿನ ಮೇಲೆ ಸುರಿದ ಮರುಕ್ಷಣವೇ ಹುಂಜ ಕೆಂಪು ದಾರ ಕಾಲಿಗೆ ಸುತ್ತಿಕೊಂಡು ಮನೆಯೆಲ್ಲ ಓಡಾಡಿ, ಕುರ್ಚಿ ಮೇಜುಗಳನ್ನೆಲ್ಲ ಹೊಲಿದು ಹಾಕಿತು. ಬಲ್ಬಿನದೇ ಪೇಚು. ಮನೆಯ ಬಲ್ಬುಗಳೆಲ್ಲ ಹೊಸ ಕಾಲದವು, ಬೆಳಕುಂಟು, ಬಿಸಿಯಿಲ್ಲ. ಹಳೆಯದು ಉಳಿದದ್ದು ಒಂದೇ, ಮೂಲೆಯಲ್ಲಿ ಮೇರಿ ಮಾತೆಯ ಮೂರ್ತಿಯ ತಲೆಯ ಮೇಲೆ. ಬೆಲಿಸಾರಿಯೊ ಟೋಪಿ ತೆಗೆದು, ಎಲ್ಲ ನಿನ್ನ ಭಕ್ತೆಯ ಮಂಡಿಗಾಗಿ ತಾಯೀ ಎಂದು ಕ್ಷಮೆ ಕೇಳಿ, ಅದನ್ನು ಬಿಚ್ಚಿಕೊಂಡ.

ಕೆಲಸವಾಯಿತು! ಕೋಳಿಗಳು ಗೂಡಿಗೆ ಮರಳಿದವು. ಒಟಿಲಿಯಾ ಬರುವ ದಿನ ಹೊರಗೆ ಬಕೆಟ್ಟಿನ ನೀರು ಬಂಡೆಯಾಗಿದ್ದರೂ ಬೋಗುಣಿಯದು ಕೊಳದಂತೆ ತಿಳಿಯಾಗಿತ್ತು. ಅವಳು ದಾರ ಸುತ್ತಿದ ಕುರ್ಚಿಗಳನ್ನು ದಾಟಿ, ಕತ್ತಲಲ್ಲಿದ್ದ ಮಾತೆಯನ್ನು ನೋಡಿ, ಅವನ ಹಿಂದೆ ಗೂಡಿಗೆ ಹೋದಳು. ಬಾಗಿ ನೀರಿಗೆ ಬೆರಳದ್ದಿದಳು. ಮುಖ ಬಾಡಿತು.

"ನಿನ್ನ ಮಂಡಿಗೋಸ್ಕರ ಕಣೇ," ಎಂದು ಬೆಲಿಸಾರಿಯೊ ಕೊನೆಗೂ ಬಾಯಿಬಿಟ್ಟ. "ಇನ್ಮೇಲೆ ನೀನು ಈ ಚಳೀಲಿ ಹೊರಗೆ ಬರೋದೇ ಬೇಡ."

ಒಟಿಲಿಯಾ ಅವನನ್ನು ಮರುಕದಿಂದ ನೋಡಿದಳು. "ಬಿಸಿ ಇಟ್ಟಿಗೆ ಇಟ್ಟು ಅದರ ಮೇಲೆ ಬೋಗುಣಿ ಇಟ್ರೆ ಅರ್ಧ ದಿನ ನೀರು ಹೆಪ್ಪುಗಟ್ಟಲ್ಲ. ನಮ್ಮಮ್ಮ ನಂಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ಲು."

"ಮತ್ತೆ ಗಂಟೆಗೊಂದು ಸಲ ಯಾಕೆ ಬರ್ತಿದ್ದೆ?"

"ಇಲ್ಲಿ ಯಾರೂ ಮಾತಾಡಲ್ಲ, ಮುದುಕಾ."

ಬೆಲಿಸಾರಿಯೊ ಟೋಪಿ ತಿರುಗಿಸಿದ. ಆಮೇಲೆ ಮನೆಗೆ ಹೋಗಿ ಕುರ್ಚಿಯೊಂದನ್ನು ದಾರದಿಂದ ಬಿಡಿಸಿ ತಂದು, ಗೂಡಿನ ಗಾಳಿ ಬೀಸದ ಮೂಲೆಯಲ್ಲಿ ಹಾಕಿ, ಅವಳ ಮಂಡಿಗೆ ಕಂಬಳಿ ಹೊದಿಸಿ, ತುಟಿ ಪಿಟ್ಟೆನ್ನದೆ ಹೊರಗೆ ಹೊರಟ.

ಬಾಗಿಲು ದಾಟುವಷ್ಟರಲ್ಲಿ ಅವಳು ಕರೆದಳು.

"ಹೀಗೇ ಇರ್ತೀಯಾದ್ರೆ, ಇನ್ನೊಂದು ಕುರ್ಚಿ ತಗೊಂಡು ಬಾ."