ಮೇಲಿನ ಕೋಣೆ ಸೋರುತ್ತದೆ

ಕಟ್ಟಿಕೊಂಡ ಹೆಂಡತಿಯೇ ಹೊರಗೆ ನಿಂತು ಬಾಗಿಲು ತಟ್ಟಿ, "ಈ ಮನೇಲಿ ಯಾರಾದ್ರೂ ವಾಸ ಇದ್ದಾರಾ?" ಎಂದು ಕೇಳಿದರೆ ಗಂಡನಾದವನು ಏನೆಂದು ಉತ್ತರ ಕೊಡಬೇಕು? ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಇಂಥ ಪ್ರಶ್ನೆ ಎದುರಾಗಿರಲಿಲ್ಲ. (ನಾನು ಇಲ್ಲಿ ವಾಸ ಇದ್ದೇನೆಯೇ ಎಂಬ ಅನುಮಾನ ನನಗೇ ಆಗಾಗ ಬಂದದ್ದುಂಟು. ಅದು ಬೇರೆ ಮಾತು.)

"ತಮಾಷೆ ಸಾಕು, ಒಳಗೆ ಬಾ," ಎಂದೆ.

"ಬಾ ಗೀ ಅನ್ನಬೇಡಿ. ಬನ್ನಿ ಅನ್ನಿ. ನಾನೀಗ ಡ್ಯೂಟಿ ಮೇಲಿದ್ದೀನಿ," ಎಂದು ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ನನ್ನ ಮೂಗಿಗೆ ಹಿಡಿದಳು. ಅದರಲ್ಲಿದ್ದ ಫೋಟೋಗೂ ನನ್ನ ಪರಿಚಯ ಇದ್ದಂತೆ ಕಾಣಲಿಲ್ಲ.

ವಿಷಯ ಇಷ್ಟೇ. ಐದು ವರ್ಷದ ಹಿಂದೆ ನಮ್ಮೂರಿನಲ್ಲಿ ಇದ್ದದ್ದು ಒಂದೇ ಬೀದಿ. ಆಮೇಲೆ ಆಸ್ಪತ್ರೆ ಬಂತು, ಆಸ್ಪತ್ರೆಯ ಹಿಂದೆಯೇ ಒಂದು ಮಹಾ ಗೋದಾಮು ಬಂತು, ಗೋದಾಮಿನ ಹಿಂದೆ ಜನ ಬಂದರು. ಜನ ಬಸ್ಸು ಹತ್ತಿ ಬರುತ್ತಾರೆ, ಮನೆಗಳು ಬರುತ್ತವೆಯೇ? ದನದ ಕೊಟ್ಟಿಗೆಗೆ ಕಿಟಕಿ ಇಟ್ಟು 'ಗಾಳಿ ಬೆಳಕಿರುವ ರೂಮು' ಎಂದು ಬೋರ್ಡು ಹಾಕಿದರು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಬ್ಬ ಲಾರಿ ಡ್ರೈವರ್ ಬಾಡಿಗೆಗಿದ್ದಾನೆ. ಪಾಪ, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಬೇಕಾದರೆ ಬೀದಿಗೆ ಬಂದು ತಿರುಗಿಕೊಂಡು ಹೋಗಬೇಕು. ಕ್ಷೌರದಂಗಡಿಯವನಂತೂ ತನ್ನ ಎರಡು ತಿರುಗು ಕುರ್ಚಿಗಳನ್ನೇ ಗೋದಾಮಿನ ಇಬ್ಬರು ಹುಡುಗರಿಗೆ ಮಲಗಲು ಕೊಟ್ಟಿದ್ದಾನೆ.

ಕೊನೆಗೆ ಪಂಚಾಯ್ತಿ ಕಚೇರಿಯವರು ಎಚ್ಚೆತ್ತು, ಊರಿನ ಪ್ರತಿ ಮನೆಯನ್ನೂ ಎಣಿಸಬೇಕೆಂದು ತೀರ್ಮಾನಿಸಿದರು. ಯಾವ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಜನ, ಸೋರುತ್ತದೆಯೇ, ಖಾಲಿ ಇದೆಯೇ ಎಂದು ಬರೆದು ಎರಡು ಪಟ್ಟಿ ಮಾಡುವುದು. ಒಂದು 'ಖಾಲಿ ಕೋಣೆಗಳು', ಇನ್ನೊಂದು 'ಮನೆ ಬೇಕಾದವರು'. ಈ ಗಣತಿಗೆ ಹದಿನೈದು ದಿನದ ಮಟ್ಟಿಗೆ ನನ್ನ ಹೆಂಡತಿ ನೇಮಕವಾದಳು. ಗಣತಿ ತೀರ್ಮಾನವಾದ ಊರ ಸಭೆಯಲ್ಲಿ ನಾನೂ ಎದ್ದು ನಿಂತು, "ಖಾಲಿ ಕೋಣೆಗೆ ಬೀಗ ಹಾಕಿ ಕೂತಿರೋ ಮಹಾನುಭಾವರಿಗೆ ಗಂಟಲಲ್ಲಿ ಅನ್ನವಾದ್ರೂ ಹೇಗೆ ಇಳಿಯುತ್ತೆ?" ಎಂದು ಗುಡುಗಿದ್ದೆ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ತಟ್ಟದೆ ಇದ್ದವಳು ಒಬ್ಬಳೇ, ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಯಾಕೆಂದರೆ ನಮ್ಮ ಮನೆಯ ಮೇಲೆ ಒಂದು ಕೋಣೆಯಿದೆ. ನಾನು ವೃತ್ತಿಯಿಂದ ದರ್ಜಿ. ಹಳೆಯ ಹೆಂಚಿನ ಮುಂಕೋಣೆಯೇ ನನ್ನ ಅಂಗಡಿ. ಅದರ ಹಿಂದೆ ನಡುಮನೆ, ಅಡುಗೆಮನೆ. ಆ ಹಿಂಭಾಗದ ಮೇಲೆ ಗಟ್ಟಿ ತಾರಸಿಯ ಒಂದು ಕೋಣೆ, ಹೊರಗಿನಿಂದಲೇ ಮೆಟ್ಟಿಲು. "ಕಟಿಂಗ್ ಮಾಡೋಕೆ ಏಕಾಂತ ಬೇಕು," ಎಂದು ಹೇಳಿ ಹನ್ನೊಂದು ವರ್ಷದಿಂದ ಅದನ್ನು ನಾನು ವಶದಲ್ಲಿಟ್ಟುಕೊಂಡಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅಲ್ಲಿ ಇದುವರೆಗೆ ಒಂದು ಜೇಬನ್ನೂ ಕತ್ತರಿಸಿಲ್ಲ. ಒಂದು ಚಾಪೆ, ಒಂದು ದಿಂಬು, ಒಂದು ರೇಡಿಯೊ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಈ ಲೋಕದ ಗೊಡವೆಯೇ ಬೇಡವೆಂದು ಮಲಗುತ್ತೇನೆ. ಆ ಕೋಣೆಯೆಂದರೆ ನನಗೆ ಪ್ರಾಣ.

"ಮನೆಯ ಮುಖ್ಯಸ್ಥರು ಯಾರು?" ಗಣತಿ ಶುರುವಾಯಿತು.

"ನಾನೇ."

ಅವಳು ಪೆನ್ನೆತ್ತಿ ನನ್ನನ್ನೇ ನೋಡಿದಳು. "ಸುಳ್ಳು ಮಾಹಿತಿ ಕೊಟ್ರೆ ತಪ್ಪಾಗುತ್ತೆ."

"ಸರಿ, ನಿನಗೆ ತೋಚಿದ್ದು ಬರ್ಕೋ."

"ಬರ್ಕೊಂಡಾಯ್ತು. ಮುಂಕೋಣೆ ಸೋರುತ್ತಾ? ಅದನ್ನ ನಿಮ್ಮನ್ನ ಕೇಳೋದೇನು, ಆರು ವರ್ಷದಿಂದ ಬಕೆಟ್ ಇಡ್ತಿರೋಳು ನಾನೇ. ಮೇಲಿನ ಕೋಣೆ ಖಾಲಿನಾ?"

"ಅದು... ವಾಸಕ್ಕೆ ಯೋಗ್ಯವಲ್ಲ," ಎಂದು ಗಂಟಲು ಸರಿಮಾಡಿಕೊಂಡೆ. "ಭಯಂಕರ ಸೋರುತ್ತೆ."

"ಯಾವಾಗಿಂದ?"

"ಈಚೆಗೆ."

ಅವಳು ಬರೆಯುತ್ತಿದ್ದ ರಟ್ಟನ್ನು ಮಡಿಲಿಗಿಟ್ಟು, ಡ್ಯೂಟಿಯಿಂದ ಇಳಿದು, ಮಾಮೂಲಿ ಹೆಂಡತಿಯ ದನಿಯಲ್ಲಿ ಹೇಳಿದಳು: "ರೀ, ಆಸ್ಪತ್ರೆ ನರ್ಸಮ್ಮ ಎರಡು ತಿಂಗಳಿಂದ ಔಷಧಿ ಕೋಣೇಲಿ ಎರಡು ಬೆಂಚು ಜೋಡಿಸಿ ಮಲಗ್ತಿದ್ದಾರೆ. ಬೇರೆ ಊರಿಗೆ ವರ್ಗ ಮಾಡ್ಕೊಡ್ತೀವಿ ಅಂತ ಇಲಾಖೆಯವರು ಅಂದಿದ್ದಾರಂತೆ. ಶನಿವಾರದೊಳಗೆ ಇಲ್ಲಿ ರೂಮು ಸಿಗದಿದ್ರೆ ಹೊರಟೇಬಿಡ್ತಾರೆ. ನಿಮ್ಮ ಹೆಬ್ಬೆರಳಿಗೆ ಮಿಷನ್ ಸೂಜಿ ಹೊಕ್ಕಾಗ ಕಿತ್ತು ತೆಗೆದೋರು ಯಾರು?"

ನನಗೆ ಒಳಗೊಳಗೇ ಚುರುಕ್ಕೆಂದಿತು. ಆದರೆ ಕಣ್ಮುಂದೆ ಚಾಪೆ, ದಿಂಬು, ರೇಡಿಯೊ ಬಂದು ನಿಂತವು. "ಕೊಡಬಾರದು ಅಂತಲ್ಲ ಕಣೇ. ಸೋರುತ್ತಲ್ಲ, ಅವರ ಮೇಲೆ ನೀರು ಬಿದ್ರೆ ಪಾಪ ಅಲ್ವಾ?" ಎಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಅಳತೆ ತೆಗೆದೇ ಹೊಲಿದಿರಬೇಕು.

ಅವಳು 'ಸೋರುತ್ತದೆ' ಎಂದು ಬರೆದುಕೊಂಡಳು. ಗೆದ್ದೆನೆಂದು ನಾನು ಮೀಸೆ ತಿರುವುವಷ್ಟರಲ್ಲಿ, "ಗಣತಿ ಮಾಡೋರ ಸ್ವಂತ ಮನೇನ ಮೇಲ್ವಿಚಾರಕರೇ ಬಂದು ಪರೀಕ್ಷೆ ಮಾಡ್ತಾರೆ. ನಾಳೆ ಹನ್ನೊಂದು ಗಂಟೆಗೆ," ಎಂದು ಹೇಳಿ ಅಡುಗೆಮನೆಗೆ ಹೋದಳು.

ಮಳೆ ಬಂದು ತಿಂಗಳಾಗಿತ್ತು. ಆಕಾಶ ಈಗಷ್ಟೇ ಒಗೆದು ಹರವಿದ ಹಾಗಿತ್ತು. ಸೋರಿಕೆಯನ್ನು ಎಲ್ಲಿಂದ ತರಲಿ? ಯೋಚಿಸಿ ಯೋಚಿಸಿ ಒಂದು ಘನವಾದ ಉಪಾಯ ಹೊಳೆಯಿತು. ತಾರಸಿಯ ಮೇಲೆ ನೀರಿನ ಟ್ಯಾಂಕಿದೆ. ತಾರಸಿಯ ನೀರೆಲ್ಲ ಒಂದು ಕೊಳವೆಯಿಂದ ಹೊರಗೆ ಹೋಗುತ್ತದೆ. ಕೊಳವೆಯ ಬಾಯಿ ಮುಚ್ಚಿ, ಟ್ಯಾಂಕಿನ ನೀರನ್ನು ಅಲ್ಲಿ ಹೊಯ್ದು ನಿಲ್ಲಿಸಿದರೆ ಎಂಥ ತಾರಸಿಯಾದರೂ ಒಂದೆರಡು ಹನಿ ಜಿನುಗಲೇಬೇಕು. ನನಗೆ ಬೇಕಾದದ್ದೂ ಒಂದೆರಡೇ ಹನಿ.

ಮರುದಿನ ಹೆಂಡತಿ ಮೇಲ್ವಿಚಾರಕರನ್ನು ಕರೆತರಲು ಹೋದದ್ದೇ ತಡ, ಏಣಿ ಹಾಕಿ ಹತ್ತಿದೆ. ನಾಲ್ಕು ಮಡಿಕೆ ಶರ್ಟಿನ ಬಟ್ಟೆಯನ್ನು ಉಂಡೆ ಮಾಡಿ ಕೊಳವೆಗೆ ತುರುಕಿದೆ. ಬಕೆಟ್ಟಿನಿಂದ ಎತ್ತೆತ್ತಿ ಹೊಯ್ದೆ. ಇಳಿದು ಕೋಣೆಯ ಸೂರು ನೋಡಿದೆ, ಒಣಗಿ ಟಣಟಣ. ಮತ್ತೆ ಹತ್ತಿ ಹೊಯ್ದೆ, ಮತ್ತೆ ಇಳಿದು ನೋಡಿದೆ, ಅದೇ ಟಣಟಣ. ಟ್ಯಾಂಕು ಬರಿದಾಯಿತು, ತಾರಸಿ ಕೆರೆಯಾಯಿತು, ನನ್ನ ಸೊಂಟ ಬಿದ್ದುಹೋಯಿತು. ಹನ್ನೊಂದು ವರ್ಷದ ಹಿಂದೆ ಅದನ್ನು ಕಟ್ಟಿದ ಮೇಸ್ತ್ರಿಯನ್ನು, ಇಷ್ಟು ಪ್ರಾಮಾಣಿಕನಾಗಿದ್ದಕ್ಕೆ, ಮನಸಾರೆ ಬೈದೆ.

ಅಷ್ಟರಲ್ಲಿ ಕೆಳಗೆ ಅಂಗಡಿಯಲ್ಲಿ ಹೆಂಡತಿಯ ದನಿ ಕೇಳಿಸಿತು: "ಬನ್ನಿ ಸಾರ್, ಕೂತ್ಕೊಳ್ಳಿ. ಇವರು ಇಲ್ಲೇ ಎಲ್ಲೋ ಇರಬೇಕು."

ಗಾಬರಿಯಲ್ಲಿ ತಿರುಗಿದವನ ಕಾಲು ಉಂಡೆಗೆ ತಾಗಿತು. ಉಂಡೆ ಕಿತ್ತುಕೊಂಡು ಹೋಯಿತು. ಅದರ ಬೆನ್ನಿಗೆ ಇಡೀ ಟ್ಯಾಂಕಿನ ನೀರು ಕೊಳವೆಯಿಂದ ಒಂದೇ ಉಸಿರಿಗೆ ಹೊರಟಿತು. ಆ ಕೊಳವೆ ಬಾಯಿ ಬಿಡುವುದು ಎಲ್ಲಿಗೆ ಗೊತ್ತೇ? ಆರು ವರ್ಷದಿಂದ ನಾನು 'ಮುಂದಿನ ತಿಂಗಳು ಸರಿಮಾಡಿಸ್ತೀನಿ' ಎನ್ನುತ್ತಾ ಬಂದ ಮುಂಕೋಣೆಯ ಹೆಂಚಿನ ಮೇಲೆ!

ನಾನು ಕೆಳಗೆ ಓಡಿಬಂದಾಗ ಮೇಲ್ವಿಚಾರಕರು ನನ್ನ ಕಟಿಂಗ್ ಮೇಜಿನಡಿಯಲ್ಲಿದ್ದರು. ಹೊಲಿದಿಟ್ಟ ಮೂವತ್ತೆರಡು ಶಾಲಾ ಸಮವಸ್ತ್ರಗಳು ತೇಲಾಡುತ್ತಿದ್ದವು. ಮೇಲ್ವಿಚಾರಕರು ಕಾಗದದಲ್ಲಿ ಹೊತ್ತು ತಂದಿದ್ದ ಊರಿನ ಅರ್ಧ ಗಣತಿ ನೀರಿನಲ್ಲಿತ್ತು.

"ಮಳೆ ಇಲ್ವಲ್ಲಮ್ಮ?" ಎಂದರು ಮೇಲ್ವಿಚಾರಕರು ತಲೆಯಷ್ಟೇ ಹೊರಗೆ ಹಾಕಿ.

"ಇಲ್ಲ ಸಾರ್, ನಮ್ಮನೆಯವರು," ಎಂದಳು ನನ್ನ ಹೆಂಡತಿ.

"ಈ ಕಾಗದ ಒಣಗಿಸೋಕೆ ಒಂದಿಷ್ಟು ಒಣ ಜಾಗ ಇದೆಯಾ?"

ಅವಳು ಮೆಟ್ಟಿಲ ಕಡೆ ಕೈ ತೋರಿಸಿದಳು. ಮೇಲಿನ ಕೋಣೆಯ ತುಂಬ ಕಾಗದ ಹರಡಿದರು. ನನ್ನ ದಿಂಬಿನ ಮೇಲೂ ಹರಡಿದರು. ಮೇಲ್ವಿಚಾರಕರು ಸೂರಿನ ಮೂಲೆ ಮೂಲೆಯನ್ನೂ ಕತ್ತೆತ್ತಿ ನೋಡಿ, "ಇಡೀ ಊರಲ್ಲಿ ಇಷ್ಟು ಬೆಚ್ಚಗಿನ ಕೋಣೆ ಇನ್ನೊಂದು ನೋಡಿಲ್ಲ," ಎಂದರು. 'ಸೋರುತ್ತದೆ' ಎಂಬುದನ್ನು ಹೊಡೆದು 'ಅತ್ಯುತ್ತಮ' ಎಂದು ಬರೆದರು. ನಾನು ಬಾಗಿಲಲ್ಲಿ ಇಂಗು ತಿಂದ ಮಂಗನಂತೆ ತೊಟ್ಟಿಕ್ಕುತ್ತ ನಿಂತಿದ್ದೆ.

ಅವರು ಹೋದ ಮೇಲೆ ಹೆಂಡತಿ ಬೈಯುತ್ತಾಳೆಂದು ತಲೆ ಬಗ್ಗಿಸಿ ಕೂತೆ. ಅವಳು ಟವೆಲ್ ತಂದು ಆ ತಲೆಯನ್ನೇ ಒರೆಸಿದಳು. "ಮಧ್ಯಾಹ್ನ ಮಲಗೋಕೆ ಜಾಗ ಇರಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಇಷ್ಟು ನೀರು ಹೊರಬೇಕಿತ್ತಾ, ಈ ಸೊಂಟ ಇಟ್ಕೊಂಡು?" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಶುಕ್ರವಾರ ಸಂಜೆಯೇ ನರ್ಸಮ್ಮ ಒಂದು ಟ್ರಂಕಿನೊಂದಿಗೆ ಬಂದರು. ಕೋಣೆಯ ಉದ್ದಗಲ ನೋಡಲಿಲ್ಲ, ಕಿಟಕಿ ನೋಡಲಿಲ್ಲ. "ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ಅಣ್ಣಾ?" ಎಂದು ಕೇಳಿದರು. ಇದೆ ಎಂದಾಗ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ಎರಡು ತಿಂಗಳಿಂದ ಆಕೆ ಚಿಲಕ ಹಾಕಿಕೊಂಡು ಮಲಗಿರಲಿಲ್ಲವಂತೆ. ನನ್ನ ಕಣ್ಣಲ್ಲಿ ನೀರು ಬಂತು. ಮಿಷನ್ನಿನ ಎಣ್ಣೆ ತಂದು ಆ ಚಿಲಕಕ್ಕೆ ನಾನೇ ಹಾಕಿದೆ.

ಅಂದು ಹೆಂಡತಿ ಎರಡನೆಯ ಪಟ್ಟಿಯನ್ನು ನನ್ನ ಮುಂದೆ ಹಿಡಿದಳು. 'ಮನೆ ಬೇಕಾದವರು' ಪಟ್ಟಿಯಲ್ಲಿ ನರ್ಸಮ್ಮನ ಹೆಸರಿಗೆ ಅಡ್ಡಗೆರೆ ಬಿದ್ದಿತ್ತು. ಸಂತೋಷದಿಂದ ಕೆಳಗೆ ಕಣ್ಣಾಡಿಸಿದರೆ, ಕೊನೆಯಲ್ಲಿ ದುಂಡು ಅಕ್ಷರದಲ್ಲಿ ನನ್ನ ಹೆಸರು! ವೃತ್ತಿ: ದರ್ಜಿ. ಈಗಿನ ವಾಸ: ಹೆಂಡತಿಯ ಕಣ್ಣೆದುರು. ಬೇಕಾದದ್ದು: ಮಧ್ಯಾಹ್ನ ಎರಡು ಗಂಟೆ ಮಲಗಲು ಒಂದು ಮೂಲೆ. ಶಿಫಾರಸು: ಇವರಿಗಿಂತ ಮುಂಚಿನ ಹದಿನಾರು ಜನಕ್ಕೂ ಮನೆ ಸಿಗುವವರೆಗೆ ಕಾಯಲಿ. ಅದರಡಿಯಲ್ಲಿ ಮೇಲ್ವಿಚಾರಕರ ಸಹಿ.

ಆದ್ದರಿಂದ, ಮಹಾಶಯರೇ, ನಿಮ್ಮ ಮನೆಯಲ್ಲಿ ಖಾಲಿ ಕೋಣೆಯೊಂದಿದ್ದರೆ ದಯವಿಟ್ಟು ಬೇಗ ಹೇಳಿ. ನನಗೆ ನಿದ್ದೆಯಾಗಿ ಹತ್ತು ದಿನವಾಯಿತು. ಸೋರುತ್ತದೆ ಎಂದು ಮಾತ್ರ ಹೇಳಬೇಡಿ. ಬಕೆಟ್ ತೆಗೆದುಕೊಂಡು ನಾನೇ ಬರುತ್ತೇನೆ.