ಗುಂಡಿಯಲ್ಲಿ ಕೂತ ಮಣ್ಣಿನ ಸಾಹೇಬರು

ಮಣ್ಣು ಸಮೀಕ್ಷೆಯ ಕೆಲಸಕ್ಕೆ ಸೇರಿದವನಿಗೆ ಮನರಂಜನೆಗೆ ಬೇರೆ ಖರ್ಚಿಲ್ಲ. ಒಂದು ಗುಂಡಿ ತೋಡಿದರೆ ಸಾಕು, ನಾಟಕ ತಾನೇ ಬಂದು ಸುತ್ತ ನಿಲ್ಲುತ್ತದೆ. ಸಿಂದಗಿ ಕಡೆ ತೋಡಿದರೆ "ನೀರು ಬಿತ್ತೇನ್ರಿ?" ಅಂತಾರೆ. ತಾಳಿಕೋಟೆ ಕಡೆ "ಯಾವ ಕಂಪನಿ ಟವರ್ರೀ?" ಅಂತಾರೆ. ಬಸವನ ಬಾಗೇವಾಡಿ ಕಡೆ ಒಬ್ಬ ಹಿರಿಯರು ಸುಮ್ಮನೆ ಇಣುಕಿ ನೋಡಿ, "ಅಗಲ ಸಾಲೂದಿಲ್ಲ" ಎಂದು ಹೊರಟೇಹೋದರು. ಯಾವುದಕ್ಕೆ ಸಾಲುವುದಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಳೆತ್ತರದ ಗುಂಡಿಗಿಳಿದು, ಮಣ್ಣಿನ ಪದರ ನೋಡಿ, ಯಾವ ಹೊಲಕ್ಕೆ ಯಾವ ಬೆಳೆ ಒಗ್ಗುತ್ತದೆಂದು ನಕಾಶೆ ಮಾಡುವುದು ನಮ್ಮ ಸಾಹೇಬರ ಕೆಲಸ. ಗುಂಡಿ ತೋಡಿಸುವುದು, ಸೇರಿದ ಜನಕ್ಕೆ ಸತ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ತಿಳಿಸುವುದು ನನ್ನ ಕೆಲಸ. ಕೆಳಗಿನದೆಲ್ಲ ನಿಜ. ಎಲ್ಲಿ ಅನುಮಾನ ಬರುತ್ತದೋ ಅಲ್ಲಿ ಇನ್ನೂ ನಿಜ.

ಮರ್ಯಾದೆಯ ಮಣ್ಣು

ಇಂಡಿ ತಾಲೂಕಿನ ಹೊರ್ತಿ ಕಡೆ ಒಬ್ಬರು ನಿವೃತ್ತ ಮಾಸ್ತರರು. ಜೀವಮಾನದ ಆಸೆ ಒಂದೇ, ನಿಂಬೆ ತೋಟ. ಅವರಿಗೆ ಎರಡು ತುಂಡು ಹೊಲ: ಒಂದು ಕಪ್ಪನೆಯ ಎರಿ ಭೂಮಿ, ಇನ್ನೊಂದು ಕಲ್ಲು-ಗರಸಿನ ಮಡ್ಡಿ. ಎರಿ ಎಂದರೆ ಮನೆತನದ ಕಿರೀಟ. ಮಡ್ಡಿ ಎಂದರೆ ಆಡು ಕೂಡ ಮುಖ ಸಿಂಡರಿಸಿಕೊಂಡು ಮೇಯುವ ಜಾಗ. ನಿಂಬೆ ಹಚ್ಚಿದರೆ ಎರಿಯಲ್ಲೇ ಎಂದು ಹಟ ಹಿಡಿದ ಮಾಸ್ತರರು, ಮಡ್ಡಿಯನ್ನು ಬೀಗರಿಗೆ ಕೊಟ್ಟು, ಬದಲಿಗೆ ಅವರ ಎರಿಯ ಪಟ್ಟಿಯೊಂದನ್ನು ತಗೊಳ್ಳಲು ಮಾತಾಡಿದ್ದರು. ಸಸಿಗಳು ಆಗಲೇ ಅಂಗಳದಲ್ಲಿ ಬಂದು ಕೂತಿದ್ದವು.

"ಎರಿಯ ಮಣ್ಣು ಸ್ವಲ್ಪ ತನ್ನಿ, ನೋಡೋಣ" ಎಂದರು ಸಾಹೇಬರು.

ಮಾಸ್ತರರು ಸ್ಟೀಲ್ ಡಬ್ಬಿಯಲ್ಲಿ ತಂದರು. ಒಣಗಿಸಿ, ಹರಳು ಆರಿಸಿ, ಜರಡಿ ಹಿಡಿದ ಮಣ್ಣು. ಬೆಲ್ಲ ಬೆರೆಸಿದ್ದರೆ ಉಂಡಿ ಕಟ್ಟಬಹುದಿತ್ತು.

"ಇದು ನಿಮ್ಮ ಹೊಲದ್ದೇನಾ?"

"ಬೀಗರ ಹೊಲದ್ದರಿ. ಸರಕಾರಕ್ಕ ತೋರಸೂದು ಅಂದ್ರ ಮರ್ಯಾದಿ ಪ್ರಶ್ನೆ. ನಮ್ಮದು ಅಷ್ಟು ಛಂದ ಕಾಣಲಿಲ್ಲ."

ಸಾಹೇಬರು ತಲೆ ಹಿಡಿದುಕೊಂಡರು. ನಾನು ಸಮಾಧಾನ ಹೇಳಿದೆ: "ಇರಲಿ ಬಿಡ್ರಿ. ನಾಳೆ ರಕ್ತ ಪರೀಕ್ಷಾಕ್ಕ ಕರದ್ರ ಇವರು ಪೈಲವಾನನ್ನ ಕಳಸ್ತಾರ."

ಕೆಂಪು ಬಳಿದ ಕರೀ ಭೂಮಿ

ಸಾಹೇಬರು ತಾವೇ ಎರಿಯನ್ನು ಅಗೆಸಿ, ಮಡ್ಡಿಯನ್ನು ಮೇಲೆ ಮೇಲೆ ಕೆದಕಿ ನೋಡಿ, ನಿಂಬೆಯ ನಕಾಶೆ ಬಿಡಿಸಿದರು. ಮಡ್ಡಿ ಹಸಿರು. ಎರಿ ಕೆಂಪು.

ಮಾಸ್ತರರು ಸಿಡಿದರು. "ಕರೀ ಭೂಮಿಗೆ ಕೆಂಪು ಬಳದೀರಲ್ಲ, ಕಣ್ಣು ನೆಟ್ಟಗ ಅದಾವೋ ಇಲ್ಲೋ?"

"ಕೆಂಪು ಅಂದ್ರೆ ನಿಂಬೆಗೆ ಬೇಡ ಅಂತ ಸಾರ್" ಎಂದರು ಮೈಸೂರು ಕಡೆಯ ನಮ್ಮ ಸಾಹೇಬರು. "ಎರಿ ಜಿಗುಟು. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತೆ. ಜೋಳ, ಕಡಲೆ ಹಾಕಿ, ಬಂಗಾರ. ನಿಂಬೆ ಮಡ್ಡೀಲಿ ಹಾಕಿ, ಅಲ್ಲಿ ನೀರು ಬಸಿದು ಹೋಗುತ್ತೆ. ಕೊಟ್ಟುಬಿಡಬೇಡಿ ಅದನ್ನ."

"ಸಾಲ್ಯಾಗ ನಾನೂ ನಕಾಶೆಗೆ ಬಣ್ಣಾ ತುಂಬಿಸೇನ್ರಿ" ಎಂದರು ಮಾಸ್ತರರು. "ಹುಡುಗರ ಡಬ್ಬ್ಯಾಗ ಯಾವ ಬಣ್ಣಾ ಉಳದಿರತಿತ್ತೋ ಅದನ್ನ ತುಂಬತಿದ್ರು."

ನಾಳೆಯೇ ಬದಲಿ, ಬೀಗರಿಗೆ ಮಾತು ಕೊಟ್ಟಾಗಿದೆ ಎಂದರು. ಕೊಡುವ ಮುಂಚೆ ಮಡ್ಡಿಯಲ್ಲಿ ಒಂದೇ ಒಂದು ಗುಂಡಿ ತೋಡಿ ತೋರಿಸುತ್ತೇನೆ ಎಂದು ಸಾಹೇಬರು ಗೋಗರೆದು ಒಪ್ಪಿಸಿದರು.

ಸಮಾಧಿ

ಮರುದಿನ ಗುಂಡಿ ತೋಡಿಸಿದೆ. ಬಿಸಿಲಿಗೆ ತಲೆ ಮೇಲೆ ಟವೆಲ್ ಹೊದ್ದ ಸಾಹೇಬರು ತಳದಲ್ಲಿ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಹಸಿ ಮಣ್ಣನ್ನು ಬೆರಳಲ್ಲಿ ಹೊಸಕುತ್ತಾ ಕೂತರು. ಮಣ್ಣು ಜಿಗುಟೋ ಮರಳೋ ಎಂದು ಬೆರಳಿಗೇ ಗೊತ್ತಾಗುವುದಂತೆ.

ಆಡು ಕಾಯುವ ಆಯಿಯೊಬ್ಬಳು ಇಣುಕಿದಳು. "ಯಾರೋ ತಮ್ಮಾ ಇವರು?"

"ಮಾತಾಡಸಬ್ಯಾಡ ಆಯಿ. ಭೂಮಿತಾಯಿ ಕೂಡ ಒಂದಾಗ್ಯಾರ" ಎಂದೆ. ಇದರಲ್ಲಿ ಸುಳ್ಳೇನಿದೆ?

ಆಯಿ ಊರಿಗೆ ಓಡಿದಳು. ಮಹಾತ್ಮರು ಜೀವಂತ ಸಮಾಧಿ ತಗೊಂಡರೆಂದು ಹೆಂಗಸರು ಕೊಡ ಹೊತ್ತು, ತಾಳ ಹಿಡಿದು ಬಂದೇಬಿಟ್ಟರು. ಸಾಹೇಬರು ಕಣ್ಣು ಬಿಡುವಷ್ಟರಲ್ಲಿ ಕೊಡದ ಮೇಲೆ ಕೊಡ ಸುರಿದು ಅಭಿಷೇಕ ಮುಗಿಸಿದ್ದರು. ಕೆಮ್ಮುತ್ತಾ ಎದ್ದ ಸಾಹೇಬರನ್ನು ನೋಡಿ ಆಯಿಗೆ ಭಾರೀ ನಿರಾಸೆ. "ಇಷ್ಟ ಲಗೂ ಎದ್ರ್ಯಾ?"

ಗದ್ದಲ ಕೇಳಿ ಮಾಸ್ತರರೂ ಬೀಗರೂ ಓಡಿಬಂದರು. ಮಾಸ್ತರರು ಸಾಹೇಬರ ಮುಖ ನೋಡಲಿಲ್ಲ, ಗುಂಡಿಯ ತಳ ನೋಡಿದರು. ತಳದಲ್ಲಿ ಬರೀ ಹಸಿ. ನೀರೇ ಇಲ್ಲ.

"ಅಲ್ರೀ, ಇಷ್ಟು ಕೊಡ ನೀರು ಎಲ್ಲಿ ಹೋತು?"

"ನಿನ್ನೆ ಇಡೀ ದಿನ ನಾನು ಬಡ್ಕೊಂಡಿದ್ದು ಇದನ್ನೇ ಕಣ್ರೀ!"

ಮಾಸ್ತರರು ಬೀಗರ ಕಡೆ ತಿರುಗಿ ಕೈಮುಗಿದರು. "ಬೀಗರ, ತಪ್ಪು ತಿಳಕೋಬ್ಯಾಡ್ರಿ. ಮಹಾತ್ಮರು ಕುಂತ ಜಾಗಾ. ಬದಲಿ ಕೊಟ್ರ ಪಾಪ ಹತ್ತತೈತಿ." ಸುತ್ತ ಅಷ್ಟು ಹೆಂಗಸರಿರುವಾಗ ಬೀಗರು ಏನು ಅಂದಾರು? ಅವರೂ ಕೈಮುಗಿದರು.

ಇದಾಗಿ ನಾಲ್ಕೈದು ವರ್ಷ. ಈಗ ಮಡ್ಡಿಯ ತುಂಬ ನಿಂಬೆ. ಬೇರೆ ಊರಿಗೆ ವರ್ಗವಾಗಿ ಹೋಗಿದ್ದ ಸಾಹೇಬರು ಮೊನ್ನೆ ನನ್ನ ಜೊತೆ ತೋಟ ನೋಡಲು ಬಂದರು. ಗುಂಡಿಯಿದ್ದ ಮೂಲೆಯಲ್ಲಿ ಮಣ್ಣಿನ ಕಟ್ಟೆ, ಹೂವು, ಊದಿನಕಡ್ಡಿ. ಅದೇ ಆಯಿ ಕಾವಲು. ಮೈ ತುಂಬಿಕೊಂಡು, ತಲೆಯ ಮೇಲೆ ಟವೆಲ್ಲಿಲ್ಲದೆ ಇಸ್ತ್ರಿಯ ಪ್ಯಾಂಟು-ಶರ್ಟಿನಲ್ಲಿ ಬಂದವರ ಗುರುತು ಅವಳಿಗೆಲ್ಲಿ ಹತ್ತಬೇಕು?

"ಚಪ್ಪಲ್ ಬಿಟ್ಟು ಬರ್ರಿ. ಭಾಳ ದೊಡ್ಡ ಮಹಾತ್ಮರ ಜಾಗಾ. ಒಮ್ಮೆ ಎದ್ದಿದ್ರು, ಆಮ್ಯಾಲೆ ಐಕ್ಯ ಆದ್ರು. ಬೇಕಾದ್ರ ಇವನ್ನ ಕೇಳ್ರಿ, ಇವನ ಹೇಳ್ಯಾನ."

ಸಾಹೇಬರು ನನ್ನನ್ನು ನೋಡಿದರು. ನಾನು ನಿಂಬೆಕಾಯಿ ನೋಡಿದೆ. ಆಯಿ ಕೋಲು ಎತ್ತಿದಳು. ಸಾಹೇಬರು ತೆಪ್ಪಗೆ ಚಪ್ಪಲಿ ಬಿಟ್ಟು, ತಮ್ಮ ಸಮಾಧಿಗೆ ತಾವೇ ಅಡ್ಡಬಿದ್ದರು.